ಡ್ರೈಯರ್ ತಿರುಗವಲ್ದಾ? ಮೊದಲು ಮುಚ್ಚಳ, ಪೈಪು, ವೋಲ್ಟೇಜ್ ನೋಡ್ರಿ. ಸ್ವಿಚ್ ಮಾತ್ರ ‘ಡೈರೆಕ್ಟ್’ ಮಾಡಿಸಬ್ಯಾಡ್ರಿ

ನವಲಗುಂದ: ಮಳಿಗಾಲ ಬಂತಂದ್ರ ಮನಿಯಾಗ ಎರಡು ಚಿಂತಿ. ಒಂದು ಬಿತ್ತಿದ್ದು ಏನಾಗತೈತಿ ಅಂತ, ಇನ್ನೊಂದು ಒಗೆದ ಅರಿವಿ ಎಲ್ಲಿ ಒಣಹಾಕೋದು ಅಂತ. ಕಲಘಟಗಿ ಕಡೆ ಆರಿದ್ರಾ ಮಳೆ ಹಿಡಿದರೆ ಬಿಸಿಲಿನ ಮುಖ ಕಾಣದ ದಿನಗಳೇ ಹೆಚ್ಚು. ನವಲಗುಂದ, ಅಣ್ಣಿಗೇರಿ, ಕುಂದಗೋಳ ಭಾಗದಲ್ಲಿ ಮಳೆ ಅಷ್ಟಿಲ್ಲದಿದ್ದರೂ ಹೊಲಕ್ಕೆ ಹೋಗಿಬಂದ ಅರಿವಿಗೆ ಮೆತ್ತಿದ ಎರೆಮಣ್ಣು ಸುಮ್ಮನೆ ಬಿಡುವುದಿಲ್ಲ. ಇಂಥ ಹೊತ್ತಿನಲ್ಲೇ ವಾಷಿಂಗ್ ಮಷಿನ್‌ನ ಡ್ರೈಯರ್ ನಿಂತರೆ, ಊರಿಗೆ ಮೆಕ್ಯಾನಿಕ್ ಬರುವುದು ನಾಳೆ ನಾಡಿದ್ದು ಅಂತ ಎಳೆಯುತ್ತಾ ಹೋಗುತ್ತದೆ.

ಹುಬ್ಬಳ್ಳಿಯಿಂದಲೋ ತಾಲೂಕು ಊರಿನಿಂದಲೋ ಒಬ್ಬರು ಬಂದು, ಹತ್ತು ನಿಮಿಷದಲ್ಲಿ ರಿಪೇರಿ ಮುಗಿಸಿ, “ಸ್ವಿಚ್ ಡೈರೆಕ್ಟ್ ಮಾಡೇನ್ರಿ, ಇನ್ನ ತ್ರಾಸಿಲ್ಲ” ಅಂತ ಹೇಳಿ ಹೋಗುವುದೂ ಉಂಟು. ಆ ಮಾತಿನ ಅರ್ಥ ಏನು, ಅದರಿಂದ ಮನೆಯ ಹೆಣ್ಮಕ್ಕಳಿಗೆ, ಸಣ್ಣ ಹುಡುಗರಿಗೆ ಏನು ಅಪಾಯ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಡ್ರೈಯರ್ ಹೇಗೆ ಕೆಲಸ ಮಾಡುತ್ತದೆ, ಕೆಟ್ಟರೆ ಮನೆಯವರೇ ಏನು ನೋಡಬಹುದು, ಯಾವುದಕ್ಕೆ ಕೈ ಹಚ್ಚಬಾರದು ಎಂಬುದರ ವಿವರ ಇಲ್ಲಿದೆ.

ನಮ್ಮ ಕಡೆ ಡ್ರೈಯರ್ ಅಂದ್ರ ಯಾವುದು?

ಟಿವಿ ಜಾಹೀರಾತಿನಲ್ಲಿ ಡ್ರೈಯರ್ ಅಂದರೆ ಬಿಸಿಗಾಳಿ ಊದಿ ಬಟ್ಟೆಯನ್ನು ಪೂರ್ತಿ ಒಣಗಿಸುವ ಯಂತ್ರ. ಹಳ್ಳಿ ಮನೆಗಳಲ್ಲಿ ಡ್ರೈಯರ್ ಅಂದರೆ ಅದಲ್ಲ. ಸೆಮಿ ಆಟೊಮ್ಯಾಟಿಕ್ ಮಷಿನ್‌ಗೆ ಎರಡು ತೊಟ್ಟಿ ಇರುತ್ತವೆ. ದೊಡ್ಡದರಲ್ಲಿ ಒಗೆಯುವುದು, ಪಕ್ಕದ ಸಣ್ಣದರಲ್ಲಿ ಹಿಂಡುವುದು. ಆ ಸಣ್ಣ ತೊಟ್ಟಿಗೇ ಎಲ್ಲರೂ ಡ್ರೈಯರ್ ಅನ್ನುತ್ತಾರೆ. ಅದು ಬಟ್ಟೆಯನ್ನು ಒಣಗಿಸುವುದಿಲ್ಲ, ನೀರು ಹಿಂಡಿ ತೆಗೆಯುತ್ತದೆ ಅಷ್ಟೇ. ಉಳಿದ ತೇವ ಹೋಗಬೇಕಾದರೆ ಗಾಳಿಯೇ ಬೇಕು.

ಎರಡೂ ತೊಟ್ಟಿಗೆ ಬೇರೆ ಬೇರೆ ಮೋಟರ್ ಇರುತ್ತವೆ. ಒಗೆಯುವ ಕಡೆ ಮೋಟರ್‌ನಿಂದ ಬೆಲ್ಟ್ ಮೂಲಕ ಚಕ್ರ ತಿರುಗುತ್ತದೆ. ಡ್ರೈಯರ್ ಕಡೆ ಬಹುತೇಕ ಮಷಿನ್‌ಗಳಲ್ಲಿ ಬೆಲ್ಟೇ ಇರುವುದಿಲ್ಲ, ಮೋಟರ್ ಮೇಲೆಯೇ ತೂತಿನ ಬುಟ್ಟಿ ಕೂತಿರುತ್ತದೆ. ಹಾಗಾಗಿ ಯಾರಾದರೂ “ಡ್ರೈಯರ್ ಬೆಲ್ಟ್ ಹೋಗೇತಿ” ಅಂದರೆ ಒಮ್ಮೆ ತೋರಿಸಲು ಕೇಳಿ.

ಬುಟ್ಟಿ ನಿಮಿಷಕ್ಕೆ ಸುಮಾರು 1300 ಸುತ್ತು ತಿರುಗುತ್ತದೆ. ಬುಟ್ಟಿಯ ನಡುವಿನಿಂದ ಅಂಚಿಗೆ 12 ಸೆಂ.ಮೀ. ಇದೆ ಎಂದು ಹಿಡಿದರೆ, ಅಂಚು ಗಂಟೆಗೆ ಸುಮಾರು 60 ಕಿ.ಮೀ. ವೇಗದಲ್ಲಿ ಸುತ್ತುತ್ತಿರುತ್ತದೆ. ಅಂದರೆ ಹುಬ್ಬಳ್ಳಿ ರಸ್ತೆಯಲ್ಲಿ ಓಡುವ ಬಸ್ಸಿನ ವೇಗ. ಆ ವೇಗಕ್ಕೆ ಒಳಗಿನ ಬಟ್ಟೆ ತನ್ನ ತೂಕದ 200 ಪಟ್ಟಿಗೂ ಹೆಚ್ಚು ಬಲದಿಂದ ಗೋಡೆಗೆ ಒತ್ತಿಕೊಳ್ಳುತ್ತದೆ, ನೀರು ತೂತಿನಿಂದ ಹೊರಗೆ ಚಿಮ್ಮುತ್ತದೆ. ಕೈಯಿಂದ ಎಷ್ಟೇ ಹಿಂಡಿದರೂ ಆಗದ ಕೆಲಸ ಐದು ನಿಮಿಷದಲ್ಲಿ ಆಗುವುದು ಹೀಗೆ. ಅಷ್ಟು ಬಲ ಇರುವ ಕಾರಣಕ್ಕೇ ಕೈ ಸಿಕ್ಕಿದರೆ ಉಳಿಗಾಲ ಇಲ್ಲ.

ಮುಟ್ಟುವ ಮೊದಲು

ಏನೇ ನೋಡುವುದಿದ್ದರೂ ಮೊದಲು ಪ್ಲಗ್ ಕಿತ್ತಿಡಿ. ಸ್ವಿಚ್ ಬಂದ್ ಮಾಡಿದರೆ ಸಾಲದು. ಹಳೆ ಮನೆಗಳ ವೈರಿಂಗ್‌ನಲ್ಲಿ ಸ್ವಿಚ್ಚು ಫೇಸ್‌ಗೆ ಬದಲು ನ್ಯೂಟ್ರಲ್‌ಗೆ ಕೂತಿರಬಹುದು. ಆಗ ಸ್ವಿಚ್ ಬಂದ್ ಇದ್ದರೂ ಮಷಿನ್‌ನಲ್ಲಿ ಕರೆಂಟ್ ಇರುತ್ತದೆ. ಕೈ ಕಾಲು ಒಣಗಿರಲಿ, ಕಾಲಲ್ಲಿ ರಬ್ಬರ್ ಚಪ್ಪಲಿ ಇರಲಿ.

ಹಿಂದಿನ ಮುಚ್ಚಳ ಬಿಚ್ಚಿದರೆ ಒಳಗೆ ಕೆಪಾಸಿಟರ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಕರೆಂಟ್ ಕೂಡಿರಬಹುದು. ಆದ್ದರಿಂದ ಹಿಂಬದಿ ಬಿಚ್ಚುವ ಕೆಲಸ ಗೊತ್ತಿದ್ದವರಿಗೇ ಬಿಡಿ. ಕೆಳಗೆ ಹೇಳಿದ ತಪಾಸಣೆಗಳಲ್ಲಿ ಹೆಚ್ಚಿನವು ಏನೂ ಬಿಚ್ಚದೆ ಮಾಡುವಂಥವು.

ಏನಾಗೇತಿ ಅನ್ನೋದು ಹೆಂಗ ಗೊತ್ತಾಗಬೇಕು?

1. ಸಪ್ಪಳನೂ ಇಲ್ಲ, ತಿರುಗೋದೂ ಇಲ್ಲ

ಮೊದಲು ಒಗೆಯುವ ಕಡೆ ಹಚ್ಚಿ ನೋಡಿ. ಅದೂ ನಡೆಯದಿದ್ದರೆ ತಪ್ಪು ಡ್ರೈಯರ್‌ದಲ್ಲ. ಪ್ಲಗ್, ಬೋರ್ಡಿನ ಸಾಕೆಟ್, ಫ್ಯೂಸ್ ಇಲ್ಲವೇ ವೈರು ನೋಡಬೇಕು. ಅದೇ ಸಾಕೆಟ್‌ಗೆ ಬೇರೆ ಏನಾದರೂ ಹಚ್ಚಿದರೆ ಕರೆಂಟ್ ಇದೆಯೋ ಇಲ್ಲವೋ ತಿಳಿಯುತ್ತದೆ.

ಒಗೆಯುವ ಕಡೆ ಸರಿ ನಡೆದು ಡ್ರೈಯರ್ ಮಾತ್ರ ಸುಮ್ಮನಿದ್ದರೆ ಮುಚ್ಚಳ ನೋಡಿ. ಡ್ರೈಯರ್‌ನ ಹೊರಮುಚ್ಚಳದ ಕೆಳಗೆ ಒಂದು ಸಣ್ಣ ಸ್ವಿಚ್ ಅಡಗಿರುತ್ತದೆ. ಮುಚ್ಚಳ ಪೂರ್ತಿ ಕೂತರೆ ಮಾತ್ರ ಅದು ಕರೆಂಟ್ ಬಿಡುತ್ತದೆ. ಮುಚ್ಚಳದ ಸಂದಿಗೆ ಬಟ್ಟೆಯ ತುದಿ ಸಿಕ್ಕಿರಬಹುದು, ಮುಚ್ಚಳದ ಕೀಲು ಮುರಿದಿರಬಹುದು, ಸೋಪಿನ ಹೆಪ್ಪು ಕಟ್ಟಿ ಸ್ವಿಚ್ ಅಂಟಿಕೊಂಡಿರಬಹುದು. ಮುಚ್ಚಳ ನಿಧಾನ ಮೇಲೆ ಕೆಳಗೆ ಮಾಡಿದಾಗ ‘ಟಕ್’ ಅನ್ನುವ ಸಣ್ಣ ಸಪ್ಪಳ ಕೇಳದಿದ್ದರೆ ಅನುಮಾನ ಆ ಸ್ವಿಚ್ ಮೇಲೆ ಹೋಗಬೇಕು.

ಮುಚ್ಚಳ ಸರಿ ಇದ್ದರೆ ಉಳಿದದ್ದು ಟೈಮರ್, ಒಳಗಿನ ವೈರು, ಮೋಟರ್. ವೈರಿನ ವಿಷಯಕ್ಕೆ ಬಂದರೆ ನಮ್ಮ ಕಡೆ ದೊಡ್ಡ ವೈರಿ ಇಲಿ. ಹಲವು ಮಷಿನ್‌ಗಳ ತಳ ತೆರೆದೇ ಇರುತ್ತದೆ. ಕಾಳಿನ ಚೀಲ ಇಡುವ ಪಡಸಾಲೆಯ ಪಕ್ಕವೇ ಮಷಿನ್ ಇದ್ದರೆ ಇಲಿ ಒಳಗೆ ಸೇರಿ ವೈರು ಕಡಿಯುವುದು ಹೊಸದೇನಲ್ಲ. ತಳಕ್ಕೆ ಜಾಳಿಗೆ ಹಾಕಿಸಿ. ಆದರೆ ಗಾಳಿ ಆಡದಂತೆ ಪೂರ್ತಿ ಮುಚ್ಚಬೇಡಿ, ಮೋಟರ್ ಬಿಸಿಯಾಗುತ್ತದೆ.

2. ‘ಗುಂಯ್’ ಅಂತೈತಿ, ತಿರುಗವಲ್ದು

ಇದು ಕಂಡ ಕೂಡಲೇ ಬಂದ್ ಮಾಡಬೇಕಾದ ತಪ್ಪು. ತಿರುಗದೆ ನಿಂತ ಮೋಟರ್ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ‘ಬಿಡು, ತಿರುಗಬಹುದು’ ಅಂತ ಕಾದರೆ ಒಳಗಿನ ತಾಮ್ರದ ಸುತ್ತು ಸುಟ್ಟು, ಸಣ್ಣ ರಿಪೇರಿ ಹೋಗಿ ದೊಡ್ಡ ಖರ್ಚು ಆಗುತ್ತದೆ.

ಕಾರಣ ಮುಖ್ಯವಾಗಿ ನಾಲ್ಕು. ಒಂದು, ಬುಟ್ಟಿ ಮತ್ತು ಹೊರತೊಟ್ಟಿಯ ಸಂದಿಗೆ ಕಾಲುಚೀಲ, ಕರ್ಚೀಪು, ಕೂಸಿನ ಕುಲಾಯಿ ಬಿದ್ದು ಸಿಕ್ಕಿಕೊಂಡಿರುವುದು. ಎರಡು, ಬ್ರೇಕ್ ಬಿಡದಿರುವುದು. ಮೂರು, ಕೆಪಾಸಿಟರ್ ಸತ್ತಿರುವುದು. ನಾಲ್ಕು, ವೋಲ್ಟೇಜ್ ಸಾಲದಿರುವುದು.

ಬ್ರೇಕಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮುಚ್ಚಳಕ್ಕೆ ಒಂದು ತಂತಿ ಕಟ್ಟಿರುತ್ತದೆ, ಸೈಕಲ್ ಬ್ರೇಕಿನ ತಂತಿ ಇದ್ದಂತೆ. ಮುಚ್ಚಳ ಮುಚ್ಚಿದರೆ ತಂತಿ ಎಳೆದು ಬ್ರೇಕ್ ಬಿಡುತ್ತದೆ. ತೆರೆದರೆ ಬ್ರೇಕ್ ಹಿಡಿಯುತ್ತದೆ. ದಿನ ಕಳೆದಂತೆ ತಂತಿ ಸಡಿಲಾದರೆ ಮುಚ್ಚಳ ಮುಚ್ಚಿದರೂ ಬ್ರೇಕ್ ಪೂರ್ತಿ ಬಿಡುವುದಿಲ್ಲ, ಮೋಟರ್ ಒದ್ದಾಡುತ್ತದೆ. ತಂತಿ ಬಿಗಿ ಮಾಡಿದರೆ ಮುಗಿಯುವ ಕೆಲಸಕ್ಕೆ ಮೋಟರ್ ಬದಲಿಸಿದ ಬಿಲ್ ಕೊಡುವುದು ಬೇಡ. ಪ್ಲಗ್ ಕಿತ್ತು, ಮುಚ್ಚಳ ತೆರೆದು ಬುಟ್ಟಿ ಮುಟ್ಟಿ ನೋಡಿದಾಗ ಬಿಗಿ ಇದ್ದರೆ ಗಾಬರಿ ಬೇಡ, ತೆರೆದಾಗ ಬಿಗಿ ಇರುವುದೇ ಸರಿ. ತೆರೆದಾಗಲೂ ಸರಾಗ ತಿರುಗಿದರೆ ಬ್ರೇಕ್ ಕೆಲಸ ಮಾಡುತ್ತಿಲ್ಲ ಎಂದು ತಿಳಿಯಬೇಕು.

ಕೆಪಾಸಿಟರ್ ಮೋಟರ್‌ಗೆ ಮೊದಲ ತಳ್ಳು ಕೊಡುವ ಭಾಗ. ಅದು ಉಬ್ಬಿದ್ದರೆ, ಸೋರಿದ್ದರೆ ಹೋದಂತೆಯೇ. ಹೊಸದು ಹಾಕಿಸುವಾಗ ಹಳೆಯದರ ಮೇಲೆ ಬರೆದ ಮೈಕ್ರೋಫ್ಯಾರಡ್ ಮತ್ತು ವೋಲ್ಟ್ ಅಂಕಿ ನೋಡಿ, ಅದೇ ಅಂಕಿಯದನ್ನೇ ಹಾಕಿಸಿ. ಕೆಲವು ಮಷಿನ್‌ಗಳಲ್ಲಿ ಒಂದೇ ಡಬ್ಬಿಯಲ್ಲಿ ಎರಡೂ ಮೋಟರ್‌ಗಳ ಕೆಪಾಸಿಟರ್ ಇರುತ್ತವೆ, ಎರಡು ಅಂಕಿ ಬರೆದಿರುತ್ತಾರೆ. ಅಂಗಡಿಯಲ್ಲಿ “ಇದಽ ನಡಿತೈತಿ ತಗೊರಿ” ಅಂತ ಫ್ಯಾನಿಂದು ಕೊಟ್ಟರೆ ತರಬೇಡಿ.

ಕರೆಂಟ್ ಹಚ್ಚಿಟ್ಟು ಬುಟ್ಟಿಯನ್ನು ಕೈಯಿಂದ ತಳ್ಳಿ ‘ಸ್ಟಾರ್ಟ್’ ಮಾಡುವ ರೂಢಿ ಕೆಲವರಿಗೆ ಇದೆ. ಇದನ್ನು ಎಂದೂ ಮಾಡಬೇಡಿ. ಹಿಡಿದುಕೊಂಡರೆ ಅದು ಕೈ ಬಿಡುವಷ್ಟು ಹೊತ್ತು ಕೊಡುವುದಿಲ್ಲ.

3. ತಿರುಗತೈತಿ, ಆದ್ರ ಅರಿವಿ ಹಸಿನ ಇರ್ತಾವ

ಮೊದಲು ಹಿಂದಿನ ನೀರು ಹೋಗುವ ಪೈಪು ನೋಡಿ. ಪೈಪಿನ ತುದಿ ನೆಲಕ್ಕಿಂತ ಎತ್ತರಕ್ಕೆ, ಬಚ್ಚಲ ಕಟ್ಟೆಯ ಮೇಲೆ ಹಾಯಿಸಿದ್ದರೆ ನೀರು ಸರಿಯಾಗಿ ಹೊರಗೆ ಹೋಗುವುದಿಲ್ಲ. ಡ್ರೈಯರ್ ಹಿಂಡಿದ ನೀರು ತಳದಲ್ಲೇ ನಿಂತು, ಬುಟ್ಟಿ ಆ ನೀರಲ್ಲೇ ತಿರುಗುತ್ತದೆ. ಪೈಪು ಮಡಚಿದ್ದರೂ, ಮಷಿನ್ ಅದರ ಮೇಲೆ ಕೂತಿದ್ದರೂ ಇದೇ ಕಥೆ. ಒಗೆಯುವ ತೊಟ್ಟಿಯ ನೀರು ಬಿಡುವಾಗಲೇ ಡ್ರೈಯರ್ ಹಚ್ಚಿದರೂ ಕೆಲವು ಮಷಿನ್‌ಗಳಲ್ಲಿ ನೀರು ಹಿಂದಕ್ಕೆ ತಳ್ಳುತ್ತದೆ, ಏಕೆಂದರೆ ಎರಡಕ್ಕೂ ದಾರಿ ಒಂದೇ. ಮೊದಲು ಅದು ಖಾಲಿಯಾಗಲಿ, ಆಮೇಲೆ ಇದು ತಿರುಗಲಿ.

ಸೋಪಿನ ನೊರೆ ಪೂರ್ತಿ ತೆಗೆಯದೆ ಹಾಕಿದರೆ ನೊರೆ ಬುಟ್ಟಿಯ ಸುತ್ತ ಕಟ್ಟಿ ವೇಗ ಇಳಿಯುತ್ತದೆ. ಅತಿ ತುಂಬಿದರೂ ಅಷ್ಟೇ. ಒಗೆಯುವ ತೊಟ್ಟಿಯಲ್ಲಿ ಹಿಡಿದ ಬಟ್ಟೆಯೆಲ್ಲ ಡ್ರೈಯರ್‌ನಲ್ಲಿ ಒಮ್ಮೆಲೇ ಹಿಡಿಯುವುದಿಲ್ಲ. ಎರಡು ಮೂರು ಸಲ ಮಾಡಿ ಹಾಕಬೇಕು.

4. ಮಷಿನ್ನ ಕುಣಿಯಾಕ ಹತ್ತೈತಿ

ಹೆಚ್ಚಿನ ಸಲ ತಪ್ಪು ಮಷಿನ್‌ದಲ್ಲ, ಬಟ್ಟೆ ಹಾಕಿದ ರೀತಿಯದ್ದು. ಒಂದು ಕಡೆ ಹಸಿ ಪ್ಯಾಂಟು, ಇನ್ನೊಂದು ಕಡೆ ತೆಳು ಸೀರೆ ಇದ್ದರೆ ತೂಕ ಒಂದೇ ಬದಿಗೆ ಆಗುತ್ತದೆ. ಬಂದ್ ಮಾಡಿ, ತೆಗೆದು, ಸುತ್ತಲೂ ಸಮನಾಗಿ ಒತ್ತಿ ಹಾಕಿ, ಮೇಲೆ ಪ್ಲಾಸ್ಟಿಕ್ ತಟ್ಟೆ ಒತ್ತಿ ಕೂಡಿಸಿ. ಆ ತಟ್ಟೆ ಕಳೆದುಹೋಗಿದ್ದರೆ ಹೊಸದು ತನ್ನಿ. ಅದಿಲ್ಲದೆ ಬಟ್ಟೆ ಮೇಲೆದ್ದು ಸಂದಿಗೆ ಬೀಳುತ್ತದೆ.

ಪರ್ಸಿ ಕಲ್ಲಿನ ನೆಲ ಏರುಪೇರಿದ್ದರೆ ಮಷಿನ್ ನಾಲ್ಕೂ ಕಾಲ ಮೇಲೆ ನಿಂತಿರುವುದಿಲ್ಲ. ಮೇಲೊಂದು ತಾಟಿನಲ್ಲಿ ನೀರು ಹಾಕಿಟ್ಟರೆ ಯಾವ ಕಡೆ ಇಳಿಜಾರು ಎಂದು ತಿಳಿಯುತ್ತದೆ. ಇದೆಲ್ಲ ಸರಿ ಇದ್ದೂ ಕುಣಿದರೆ ಮೋಟರ್ ಹೊತ್ತಿರುವ ಸ್ಪ್ರಿಂಗ್, ರಬ್ಬರ್ ಹೋಗಿರಬಹುದು. ಅದು ಮೆಕ್ಯಾನಿಕ್ ಕೆಲಸ.

5. ಮೋಟರ್ ಸಪ್ಪಳ ಐತಿ, ಬುಟ್ಟಿ ನಿಂತೈತಿ

ಮೋಟರ್‌ಗೂ ಬುಟ್ಟಿಗೂ ನಡುವಿನ ಜೋಡಣೆಯ ಬೋಲ್ಟ್ ಸಡಿಲಾಗಿದೆ ಎಂದರ್ಥ. ಬಿಗಿ ಮಾಡಿದರೆ ಸರಿಹೋಗುವ ತಪ್ಪು.

6. ಕೆಳಗ ನೀರು ಸೋರತೈತಿ

ಬುಟ್ಟಿಯ ದಂಡ ತೊಟ್ಟಿಯ ತಳ ದಾಟುವ ಜಾಗದಲ್ಲಿ ಒಂದು ರಬ್ಬರ್ ಸೀಲ್ ಇರುತ್ತದೆ. ಅದು ಹರಿದರೆ ನೀರು ಸೀದಾ ಮೋಟರ್ ಮೇಲೆ ಬೀಳುತ್ತದೆ. ಸೋರುತ್ತಿದ್ದರೆ ಡ್ರೈಯರ್ ಹಚ್ಚಲೇಬೇಡಿ. ಸೀಲ್ ಬದಲಿಸುವವರೆಗೆ ಕೈಯಿಂದ ಹಿಂಡುವುದೇ ಲೇಸು.

ಅರ್ಧ ವೋಲ್ಟೇಜ್ ಅಲ್ಲ, ಅರ್ಧ ಶಕ್ತಿ

ಮನೆಗೆ ಬರಬೇಕಾದ ವೋಲ್ಟೇಜ್ 230. ಹಳ್ಳಿಯ ಸಾಲಿನ ಕೊನೆಯ ಮನೆಗಳಿಗೆ ಸಂಜೆ ಹೊತ್ತಿಗೆ ಅಷ್ಟು ಸಿಗದಿರುವುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಏನೆಂದರೆ, ಇಂಥ ಮೋಟರ್‌ನ ತಿರುಗಿಸುವ ಬಲ ವೋಲ್ಟೇಜ್ ಇಳಿದಷ್ಟೇ ಇಳಿಯುವುದಿಲ್ಲ, ಅದಕ್ಕಿಂತ ಹೆಚ್ಚು ಇಳಿಯುತ್ತದೆ. ವೋಲ್ಟೇಜ್ 180ಕ್ಕೆ ಬಂದರೆ ಬಲ ನೂರಕ್ಕೆ 61ರಷ್ಟು ಉಳಿಯುತ್ತದೆ. 160ಕ್ಕೆ ಬಂದರೆ ನೂರಕ್ಕೆ 48, ಅಂದರೆ ಅರ್ಧಕ್ಕಿಂತ ಕಡಿಮೆ. ಮುಂಜಾನೆ ಸರಿ ನಡೆದ ಡ್ರೈಯರ್ ಸಂಜೆ ‘ಗುಂಯ್’ ಅಂದರೆ ಮಷಿನ್ ಕೆಟ್ಟಿದೆ ಅಂದುಕೊಳ್ಳುವ ಮೊದಲು ಫ್ಯಾನ್ ನೋಡಿ. ಫ್ಯಾನೂ ನಿಧಾನ ತಿರುಗುತ್ತಿದ್ದರೆ ತಪ್ಪು ಕರೆಂಟಿನದು. ಎಲ್ಇಡಿ ಬಲ್ಬ್ ನೋಡಿ ಲೆಕ್ಕ ಹಾಕಬೇಡಿ, ಬಹಳಷ್ಟು ಎಲ್ಇಡಿಗಳು ಕಡಿಮೆ ವೋಲ್ಟೇಜ್‌ನಲ್ಲೂ ಹಾಗೇ ಬೆಳಗುತ್ತವೆ.

ಸಾಕೆಟ್‌ಗೆ ಹಚ್ಚಿದರೆ ಅಂಕಿ ತೋರಿಸುವ ಸಣ್ಣ ವೋಲ್ಟ್ ಮೀಟರ್ ಎಲೆಕ್ಟ್ರಿಕ್ ಅಂಗಡಿಯಲ್ಲಿ ಸಿಗುತ್ತದೆ. ದಿನವೂ ವೋಲ್ಟೇಜ್ ಬೀಳುತ್ತಿದ್ದರೆ ಓಣಿಯವರೆಲ್ಲ ಕೂಡಿ ಹೆಸ್ಕಾಂಗೆ ದೂರು ಕೊಡುವುದು ದಾರಿ. ಸಹಾಯವಾಣಿ ಸಂಖ್ಯೆ 1912. ಅಲ್ಲಿಯವರೆಗೆ ವೋಲ್ಟೇಜ್ ಚಲೋ ಇರುವ ಹೊತ್ತಿನಲ್ಲಿ ಒಗೆಯಿರಿ.

ಎರೆಮಣ್ಣು, ಬೋರ್ ನೀರು

ಎರೆಮಣ್ಣು ಹಸಿ ಇದ್ದಾಗ ಅಂಟು, ಒಣಗಿದರೆ ಕಲ್ಲು. ಹೊಲದ ಅರಿವಿಯನ್ನು ಸೀದಾ ಮಷಿನ್‌ಗೆ ಹಾಕಿದರೆ ಆ ಮಣ್ಣು ನೀರಿನ ಜೊತೆ ಡ್ರೈಯರ್ ತಳಕ್ಕೆ, ಪೈಪಿಗೆ, ನೀರು ಬಿಡುವ ವಾಲ್ವಿಗೆ ಹೋಗಿ ಕೂರುತ್ತದೆ. ಎರಡು ವಾರ ಮಷಿನ್ ಹಚ್ಚದೆ ಬಿಟ್ಟರೆ ಗಟ್ಟಿಯಾಗಿ ದಾರಿಯನ್ನೇ ಕಟ್ಟುತ್ತದೆ. ಹೊಲದ ಅರಿವಿಯನ್ನು ಮೊದಲು ಬಕೆಟ್‌ನಲ್ಲಿ ಅದ್ದಿ ಮಣ್ಣು ಬಿಡಿಸಿ, ಆಮೇಲೆ ಮಷಿನ್‌ಗೆ ಹಾಕಿ. ತಿಂಗಳಿಗೊಮ್ಮೆ ಬಟ್ಟೆ ಹಾಕದೆ ನೀರು ತುಂಬಿ ತಿರುಗಿಸಿ ಬಿಟ್ಟರೆ ತಳ ತೊಳೆದುಹೋಗುತ್ತದೆ.

ಕೆಲವೂರಿನ ಬೋರ್ ನೀರು ಗಡಸು. ಕುಡಿಯುವ ನೀರಿಗೆ ಬಿಐಎಸ್ ಹೇಳುವ ಗಡಸುತನದ ಮಿತಿ ಲೀಟರ್‌ಗೆ 200 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 600. ಮಷಿನ್‌ಗೆ ಬಳಸುವ ನೀರನ್ನು ಯಾರೂ ಅಳೆಯುವುದಿಲ್ಲ. ಕೊಡದ ಒಳಗೆ ಬಿಳಿ ಪದರ ಕಟ್ಟುತ್ತಿದ್ದರೆ ಮಷಿನ್ ಒಳಗೂ ಕಟ್ಟುತ್ತಿದೆ ಎಂದೇ ತಿಳಿಯಿರಿ. ಗಡಸು ನೀರಲ್ಲಿ ನೊರೆ ಏಳುವುದಿಲ್ಲವೆಂದು ಪುಡಿ ಸುರಿಯುತ್ತಾ ಹೋದರೆ ಆ ಪುಡಿ ಬಟ್ಟೆಗೂ ಬುಟ್ಟಿಗೂ ಅಂಟಿ ಉಳಿಯುತ್ತದೆ. ಕಡೆಯ ಜಾಲಾಡುವಿಕೆಗಾದರೂ ಕೆರೆ ನೀರು ಇಲ್ಲವೇ ಮಳೆ ನೀರು ಬಳಸಿದರೆ ಬಟ್ಟೆಗೂ ಒಳ್ಳೆಯದು, ಮಷಿನ್‌ಗೂ ಒಳ್ಳೆಯದು.

ಇವನ್ನು ಡ್ರೈಯರ್‌ಗೆ ಹಾಕಬೇಡಿ

ರೇನ್‌ಕೋಟ್, ತಾಡಪಾಲು, ಪ್ಲಾಸ್ಟಿಕ್ ಹಾಳೆ: ಇವುಗಳ ಒಳಗಿಂದ ನೀರು ತೂತಿಗೆ ಹೋಗುವುದಿಲ್ಲ. ಒಂದು ಕಡೆ ನೀರಿನ ಚೀಲದಂತೆ ಉಬ್ಬಿ, ಪೂರ್ಣ ವೇಗದಲ್ಲಿ ತೂಕ ತಪ್ಪಿ ಮಷಿನ್ ಉರುಳುವಷ್ಟು ಜಿಗಿಯುತ್ತದೆ.

ಕೌದಿ, ಜಮಖಾನ: ಒಂದೇ ಭಾರದ ವಸ್ತು ಸಮನಾಗಿ ಹರಡುವುದಿಲ್ಲ. ನವಲಗುಂದದ ಜಮಖಾನ ಭೌಗೋಳಿಕ ಸೂಚಿಕೆ ಮಾನ್ಯತೆ ಪಡೆದ ಕೈಮಗ್ಗದ ಕೆಲಸ. ಅದನ್ನು ಬುಟ್ಟಿಗೆ ತುರುಕಿ ಹಿಂಡಿದರೆ ಮಷಿನ್‌ಗೂ ಪೆಟ್ಟು, ಜಮಖಾನಕ್ಕೂ ಪೆಟ್ಟು.

ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್ ಹತ್ತಿದ ಬಟ್ಟೆ: ಆವಿಗೆ ಬೆಂಕಿ ಹತ್ತಬಹುದು. ಟ್ರ್ಯಾಕ್ಟರ್ ಕೆಲಸದ ಅರಿವಿ ಬೇರೆಯೇ ಒಗೆಯಿರಿ.

ಜೇಬಿನ ಮೊಳೆ, ನಾಣ್ಯ, ಬೋಲ್ಟು: ಬುಟ್ಟಿಯ ತೂತಿಗೆ ಸಿಕ್ಕರೆ ಬಟ್ಟೆ ಹರಿಯುತ್ತದೆ. ಹಾಕುವ ಮೊದಲು ಜೇಬು ತಡವಿ.

‘ಡೈರೆಕ್ಟ್’ ಅಂದ್ರ ಏನು?

ಮುಚ್ಚಳದ ಸ್ವಿಚ್ ಕೆಟ್ಟಾಗ ಹೊಸದು ಹಾಕುವ ಬದಲು ಅದರ ಎರಡು ವೈರು ಕೂಡಿಸಿ ಟೇಪ್ ಸುತ್ತುವುದೇ ‘ಡೈರೆಕ್ಟ್’. ಆಮೇಲೆ ಮುಚ್ಚಳ ತೆರೆದಿದ್ದರೂ ಡ್ರೈಯರ್ ತಿರುಗುತ್ತದೆ. ಬ್ರೇಕ್ ಹಿಡಿದಿದ್ದರೂ ಮೋಟರ್ ಎಳೆಯುತ್ತಲೇ ಇರುತ್ತದೆ ಎಂದು ಬ್ರೇಕ್ ತಂತಿಯನ್ನೂ ಕಟ್ಟಿಬಿಡುವವರಿದ್ದಾರೆ. ಆಗ ಟೈಮರ್ ಮುಗಿದ ಮೇಲೂ ಬುಟ್ಟಿ ತನ್ನಷ್ಟಕ್ಕೆ ತಾನು ಬಹಳ ಹೊತ್ತು ಸುತ್ತುತ್ತಿರುತ್ತದೆ.

ಆ ಸ್ವಿಚ್ ಮತ್ತು ಬ್ರೇಕ್ ಇರುವುದು ಒಂದೇ ಕಾರಣಕ್ಕೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಸುತ್ತುವ ಬುಟ್ಟಿಗೆ ಕೈ ಹೋಗಬಾರದು ಅಂತ. ಸೀರೆಯ ಸೆರಗು, ಓಡನಿ, ಬಳೆ, ಕೂದಲು, ಏನು ಸಿಕ್ಕರೂ ಎಳೆದುಕೊಳ್ಳುತ್ತದೆ. ಒಳಗಿನ ಹಸಿ ಬಟ್ಟೆ ಬೆರಳಿಗೆ ಸುತ್ತಿಕೊಂಡರೆ ಬೆರಳು ಉಳಿಯುವುದು ಕಷ್ಟ. ಸಣ್ಣ ಹುಡುಗರಿಗಂತೂ ಗಿರಗಿರ ಸುತ್ತುವುದೆಲ್ಲ ಆಟಿಗೆ.

ಹಲವು ಕಂಪನಿಗಳ ಕೈಪಿಡಿಯಲ್ಲಿ ಒಂದು ಮಾತು ಬರೆದಿರುತ್ತದೆ: ಮುಚ್ಚಳ ತೆರೆದ 15 ಸೆಕೆಂಡ್ ಒಳಗೆ ಬುಟ್ಟಿ ನಿಲ್ಲದಿದ್ದರೆ ಮಷಿನ್ ಬಳಸುವುದನ್ನು ನಿಲ್ಲಿಸಿ. ಇದನ್ನು ಇವತ್ತೇ ಮನೆಯಲ್ಲಿ ಪರೀಕ್ಷೆ ಮಾಡಬಹುದು. ಬಟ್ಟೆ ಇಲ್ಲದೆ ಡ್ರೈಯರ್ ಹಚ್ಚಿ, ಮುಚ್ಚಳ ತೆರೆದು, ಕೈ ದೂರ ಇಟ್ಟು ಒಂದರಿಂದ ಹದಿನೈದು ಎಣಿಸಿ. ಅಷ್ಟರಲ್ಲಿ ನಿಂತರೆ ಸರಿ. ನಿಲ್ಲದಿದ್ದರೆ ಬ್ರೇಕ್ ಹೋಗಿದೆ. ತಿರುಗುತ್ತಲೇ ಇದ್ದರೆ ಯಾರೋ ಯಾವಾಗಲೋ ಡೈರೆಕ್ಟ್ ಮಾಡಿದ್ದಾರೆ ಅಥವಾ ಸ್ವಿಚ್ ಅಂಟಿಕೊಂಡಿದೆ. ಪ್ಲಗ್ ಕಿತ್ತು, ರಿಪೇರಿ ಆಗುವವರೆಗೆ ಹಚ್ಚಬೇಡಿ. ಹಳೆಯ ಮಷಿನ್ ಕೊಂಡವರು ಈ ಪರೀಕ್ಷೆ ಮಾಡದೆ ಬಳಸಲೇಬಾರದು.

ಜುಮ್ ಅಂತೈತಿ ಅಂದ್ರ ಸುಮ್ಮನಿರಬ್ಯಾಡ್ರಿ

“ಮಷಿನ್ ಮುಟ್ಟಿದ್ರ ಸ್ವಲ್ಪ ಜುಮ್ ಅಂತೈತಿ, ಅದೇನ ಆಗೂದಿಲ್ಲ” ಎಂಬ ಮಾತು ಬಚ್ಚಲಮನೆಗಳಲ್ಲಿ ಕೇಳುವಂಥದ್ದೇ. ಬರಿಗಾಲು, ಹಸಿ ನೆಲ, ಒದ್ದೆ ಕೈ: ಮೂರೂ ಕೂಡಿದ ಜಾಗದಲ್ಲಿ ‘ಸ್ವಲ್ಪ ಜುಮ್’ ಎಂಬುದು ಎಚ್ಚರಿಕೆಯ ಗಂಟೆ. ಅರ್ಥಿಂಗ್ ಇಲ್ಲ ಅಥವಾ ಒಳಗೆ ವೈರು ಕೆಟ್ಟಿದೆ ಎಂದೇ ಅರ್ಥ.

ಮೂರು ಪಿನ್ನಿನ ಪ್ಲಗ್‌ನಲ್ಲಿ ದಪ್ಪ ಪಿನ್ ಇರುವುದು ಅರ್ಥಿಂಗ್‌ಗೆ. ಅದನ್ನು ಮುರಿದು ಎರಡು ಪಿನ್ನಿನ ಬೋರ್ಡಿಗೆ ಹಚ್ಚಬೇಡಿ. ಮೊದಲಿನ ಕಾಲದಲ್ಲಿ ಅರ್ಥ್ ವೈರನ್ನು ನಲ್ಲಿಯ ಕಬ್ಬಿಣದ ಪೈಪಿಗೆ ಕಟ್ಟುತ್ತಿದ್ದರು. ಈಗಿನ ಪೈಪು ಪ್ಲಾಸ್ಟಿಕ್, ಅದಕ್ಕೆ ಕಟ್ಟಿದರೆ ಏನೂ ಉಪಯೋಗವಿಲ್ಲ. ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಅರ್ಥಿಂಗ್ ಗುಂಡಿಯೂ ಒಣಗುತ್ತದೆ. ಒಣಗಿದ ಗುಂಡಿ ಕರೆಂಟ್ ಎಳೆದುಕೊಳ್ಳುವುದಿಲ್ಲ. ಬೇಸಿಗೆಯಲ್ಲಿ ವಾರಕ್ಕೊಮ್ಮೆಯಾದರೂ ಗುಂಡಿಗೆ ಒಂದು ಕೊಡ ನೀರು ಹಾಕಿ.

ಮೇನ್ ಬೋರ್ಡಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿದರೆ ಕರೆಂಟ್ ಮೈಗೆ ಹರಿಯತೊಡಗಿದ ಕೂಡಲೇ ತಾನೇ ಕಡಿದುಕೊಳ್ಳುತ್ತದೆ. ಮಾಮೂಲಿ ಎಂಸಿಬಿ ಈ ಕೆಲಸ ಮಾಡುವುದಿಲ್ಲ. ಆರ್‌ಸಿಸಿಬಿ ಮೇಲೆ ‘ಟೆಸ್ಟ್’ ಎಂಬ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ ಬೀಳುತ್ತದೆಯೋ ಇಲ್ಲವೋ ನೋಡಿ.

ಹಿಂಡಿದ ಮೇಲೆ ಒಣಹಾಕುವ ತಂತಿಯದ್ದೂ ಇದೇ ಮಾತು. ಕಬ್ಬಿಣದ ತಂತಿಯನ್ನು ತಗಡಿನ ಶೆಡ್‌ಗೆ, ಕರೆಂಟ್ ಕಂಬಕ್ಕೆ, ಕಂಬದ ಎಳೆತಂತಿಗೆ ಕಟ್ಟಬೇಡಿ. ಮಳೆಯಲ್ಲಿ ಮನೆಗೆ ಬರುವ ಸರ್ವಿಸ್ ವೈರಿನ ಮೇಲ್ಪದರ ಸವೆದು ತಗಡಿಗೆ ತಾಗಿದರೆ ತಂತಿಯುದ್ದಕ್ಕೂ ಕರೆಂಟ್ ಹರಿಯುತ್ತದೆ. ಹಸಿ ಅರಿವಿ ಹರವಲು ಹೋದವರು, ಅವರನ್ನು ಬಿಡಿಸಲು ಹೋದವರು ಇಬ್ಬರೂ ಸಿಕ್ಕಿಕೊಳ್ಳುವುದು ಹೀಗೆಯೇ. ನೈಲಾನ್ ಹಗ್ಗ ಕಟ್ಟಿ. ಯಾರಾದರೂ ಸಿಕ್ಕಿಕೊಂಡರೆ ಕರೆಂಟ್ ಕಡಿದಿದೆ ಎಂದು ಖಚಿತವಾಗುವವರೆಗೆ ಮುಟ್ಟಬೇಡಿ.

ನೆರೆ ನೀರು ಹೊಕ್ಕ ಮಷಿನ್

2019ರ ಆಗಸ್ಟ್‌ನಲ್ಲಿ ಬೆಣ್ಣೆಹಳ್ಳ, ತುಪ್ಪರಿಹಳ್ಳ ಉಕ್ಕಿದ್ದು ನವಲಗುಂದ ತಾಲೂಕಿನವರಿಗೆ ಮರೆಯುವಂಥದ್ದಲ್ಲ. ಹಳ್ಳದ ನೀರು ಮನೆ ಹೊಕ್ಕು ಇಳಿದ ಮೇಲೆ ಮಷಿನ್ ಹೊರಗಿಂದ ಒಣಗಿದಂತೆ ಕಂಡರೂ ಹಚ್ಚಬೇಡಿ. ಮೋಟರ್, ಟೈಮರ್ ಒಳಗೆ ಕೆಸರು ಕೂತಿರುತ್ತದೆ. ಬಿಚ್ಚಿ, ತೊಳೆದು, ಒಣಗಿಸಿ, ಮೀಟರ್ ಹಚ್ಚಿ ಪರೀಕ್ಷೆ ಮಾಡಿದ ಮೇಲೆಯೇ ಕರೆಂಟ್ ಕೊಡಬೇಕು. ಮನೆಯ ಬೋರ್ಡುಗಳಿಗೂ ಇದೇ ನಿಯಮ.

ಆ ತೇವ ಎಲ್ಲಿ ಹೋಗತೈತಿ?

ಡ್ರೈಯರ್‌ನಿಂದ ತೆಗೆದ ಮೇಲೂ ಬಟ್ಟೆಯಲ್ಲಿ ನೀರು ಉಳಿದಿರುತ್ತದೆ. ಎಷ್ಟು ಎಂದು ತಿಳಿಯಲು ಮನೆಯ ತಕ್ಕಡಿ ಸಾಕು. ಒಣಗಿದ್ದಾಗ 4 ಕೆಜಿ ಇದ್ದ ಬಟ್ಟೆ ಡ್ರೈಯರ್‌ನಿಂದ ತೆಗೆದಾಗ 6 ಕೆಜಿ ತೂಗಿದರೆ, 2 ಲೀಟರ್ ನೀರು ಇನ್ನೂ ಅದರಲ್ಲಿದೆ. ಕೋಣೆಯಲ್ಲಿ ಹರವಿದರೆ ಆ 2 ಲೀಟರ್ ಕೋಣೆಯ ಗಾಳಿಗೇ ಸೇರುತ್ತದೆ.

ಹಳೆಯ ಮಾಳಿಗೆ ಮನೆಗಳಿಗೆ ಬೆಳಕಿಂಡಿ ಇರುತ್ತಿತ್ತು, ಹಂಚಿನ ಮನೆಗಳಿಗೆ ಹಂಚಿನ ಸಂದಿಯೇ ಗಾಳಿದಾರಿ. ಈಗಿನ ಆರ್‌ಸಿಸಿ ಮನೆಗಳಲ್ಲಿ ಸೊಳ್ಳೆಗೆ ಹೆದರಿ ಕಿಟಕಿಯನ್ನೂ ಮುಚ್ಚುತ್ತಾರೆ. ಹೋಗಲು ದಾರಿಯಿಲ್ಲದ ತೇವ ಗೋಡೆಯ ಮೂಲೆಗೆ, ಟ್ರೆಜರಿಯ ಹಿಂದೆ ಬೂಸ್ಟಾಗಿ ಕೂರುತ್ತದೆ. ದಮ್ಮು, ಅಲರ್ಜಿ ಇದ್ದವರಿಗೆ, ಕೂಸುಗಳಿಗೆ ಈ ಬೂಸ್ಟು ಒಳ್ಳೆಯದಲ್ಲ.

ಒಳಗೇ ಒಣಗಿಸಬೇಕಾದರೆ ಮಲಗುವ ಕೋಣೆ ಬಿಟ್ಟು ಬೇರೆ ಜಾಗ ನೋಡಿ. ಗಾಳಿ ಬರಲು ಒಂದು ಕಿಟಕಿ, ಹೋಗಲು ಎದುರಿಗೆ ಇನ್ನೊಂದು ತೆರೆದಿರಲಿ. ಕಿಟಕಿಗೆ ಜಾಳಿಗೆ ಹಾಕಿಸಿದರೆ ಸೊಳ್ಳೆಯ ಕಾಟವೂ ಇಲ್ಲ. ಬಟ್ಟೆಯ ನಡುವೆ ನಾಲ್ಕು ಬೆರಳು ಸಂದಿ ಬಿಡಿ, ದಪ್ಪ ಬಟ್ಟೆಯ ಒಳಮೈ ಹೊರಗೆ ಮಾಡಿ, ಫ್ಯಾನ್ ಹಚ್ಚಿ. ಬಚ್ಚಲಲ್ಲಿ ಎಕ್ಸಾಸ್ಟ್ ಫ್ಯಾನ್ ಇದ್ದರೆ ಅಲ್ಲಿ ಹರವುವುದೇ ಉತ್ತಮ.

ಬಾಗಿಲು ಹಾಕಿ ಕೆಂಡದ ಅಗ್ಗಿಷ್ಟಿಗೆ ಇಟ್ಟು ಬಟ್ಟೆ ಒಣಗಿಸಬೇಡಿ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಬಾಣಂತಿ ಕೋಣೆಯಲ್ಲಿ ಕೂಸಿನ ಅರಿವಿಗೆ ಅಂತ ಹೀಗೆ ಮಾಡುವವರು ಈ ಮಾತು ನೆನಪಿಡಬೇಕು. ಗ್ಯಾಸ್ ಒಲೆಯ ಮೇಲೆ ಹಗ್ಗ ಕಟ್ಟಿ ಪಾಲಿಸ್ಟರ್ ಬಟ್ಟೆ ಹರವುವುದೂ ಅಷ್ಟೇ ಅಪಾಯ.

ಬಿಸಿಗಾಳಿ ಡ್ರೈಯರ್ ತರಬೇಕು ಅನ್ನುವವರಿಗೆ

ಇದರಲ್ಲಿ ಮೂರು ಬಗೆ. ಮೊದಲನೆಯದು ತೇವದ ಬಿಸಿಗಾಳಿಯನ್ನು ನಾಲ್ಕು ಇಂಚಿನ ಕೊಳವೆಯಿಂದ ಹೊರಗೆ ಊದುವುದು. ಎರಡನೆಯದು ತೇವವನ್ನು ತಂಪು ಮಾಡಿ ನೀರಾಗಿ ಡಬ್ಬಿಗೆ ಇಳಿಸುವುದು. ಮೂರನೆಯದು ಹೀಟ್ ಪಂಪ್, ಇದು ಕರೆಂಟ್ ಕಡಿಮೆ ಎಳೆಯುತ್ತದೆ, ಬೆಲೆ ಹೆಚ್ಚು.

ಮೊದಲ ಬಗೆಯದಕ್ಕೆ ಕೊಳವೆಯೇ ಜೀವ. ‘ಮಷಿನ್ ಬಿಸಿಯಾಗತೈತಿ, ಅರಿವಿ ಒಣಗವಲ್ದು’ ಅಂದರೆ ಮೊದಲು ನೋಡಬೇಕಾದದ್ದು ಜುಂಗಿನ ಜಾಳಿಗೆ. ಬಟ್ಟೆಯಿಂದ ಉದುರುವ ನೂಲಿನ ಜುಂಗು ಅಲ್ಲಿ ಕೂಡುತ್ತದೆ, ಪ್ರತಿ ಸಲವೂ ತೆಗೆಯಬೇಕು. ಆಮೇಲೆ ಕೊಳವೆ ಮಡಚಿದೆಯೋ, ಹೊರಗಿನ ಬಾಯಿಗೆ ಗುಬ್ಬಿ ಗೂಡು ಕಟ್ಟಿದೆಯೋ ನೋಡಬೇಕು. ಕೊಳವೆ ಗಿಡ್ಡ ಇದ್ದಷ್ಟೂ, ನೆಟ್ಟಗಿದ್ದಷ್ಟೂ ಒಳ್ಳೆಯದು. ಪ್ಲಾಸ್ಟಿಕ್ ಕೊಳವೆ ಬೇಡ, ಲೋಹದ್ದೇ ಇರಲಿ. ಜುಂಗು ಹತ್ತಿಯಂತೆಯೇ ಬೇಗ ಹೊತ್ತಿಕೊಳ್ಳುತ್ತದೆ. ಈ ಡ್ರೈಯರ್ ಮನೆಮನೆಗೂ ಇರುವ ಅಮೆರಿಕದಲ್ಲಿ 2008ರಿಂದ 2010ರ ಅವಧಿಯಲ್ಲಿ ವರ್ಷಕ್ಕೆ ಸುಮಾರು 2,900 ಡ್ರೈಯರ್ ಬೆಂಕಿ ಪ್ರಕರಣ ವರದಿಯಾದವು ಎಂದು ಅಲ್ಲಿನ ಅಗ್ನಿಶಾಮಕ ಆಡಳಿತ ಲೆಕ್ಕ ಹಾಕಿದೆ. ಮುಖ್ಯ ಕಾರಣ ಸ್ವಚ್ಛ ಮಾಡದಿದ್ದದ್ದು.

ಕರೆಂಟಿನ ಲೆಕ್ಕವನ್ನೂ ಹಾಕಿ. ಹಿಂಡುವ ಡ್ರೈಯರ್ 200 ವಾಟ್ ಎಳೆದರೂ 5 ನಿಮಿಷಕ್ಕೆ ಒಂದು ಯೂನಿಟ್‌ನ 60ರಲ್ಲಿ ಒಂದು ಭಾಗ. ಬಿಸಿಗಾಳಿಯದು 2,000 ವಾಟ್‌ನಂತೆ ಒಂದೂವರೆ ತಾಸು ನಡೆದರೆ 3 ಯೂನಿಟ್. ತಿಂಗಳಿಗೆ 30 ಸಲ ಹಚ್ಚಿದರೆ 90 ಯೂನಿಟ್. ಗೃಹಜ್ಯೋತಿಯ ಮೇಲ್ಮಿತಿ 200 ಯೂನಿಟ್, ಅದು ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ವರ್ಷದಲ್ಲಿ ಎಂಟು ಒಂಬತ್ತು ತಿಂಗಳು ಬಿಸಿಲು ಪುಕ್ಕಟೆ ಸಿಗುವ ಊರಿನವರು ಇದನ್ನು ಯೋಚಿಸಿಯೇ ತರಬೇಕು.

ಮೆಕ್ಯಾನಿಕ್ ಬಂದಾಗ

ಮೊದಲು ತಪ್ಪು ಏನೆಂದು ಹೇಳಿಸಿ, ಖರ್ಚು ಕೇಳಿ, ಆಮೇಲೆ ಬಿಚ್ಚಲು ಹೇಳಿ. ಬದಲಿಸಿದ ಹಳೆಯ ಭಾಗ ವಾಪಸ್ ಕೇಳಿ. ವಾರಂಟಿ ಕಾರ್ಡ್ ತೆಗೆದು ನೋಡಿ, ಎಷ್ಟೋ ಸಲ ಮಷಿನ್‌ನ ವಾರಂಟಿ ಮುಗಿದರೂ ಮೋಟರ್‌ಗೆ ಬೇರೆಯೇ ಹೆಚ್ಚು ವರ್ಷದ ವಾರಂಟಿ ಇರುತ್ತದೆ. ಬಿಲ್ ತಪ್ಪದೆ ಪಡೆಯಿರಿ. ವಾರಂಟಿ ಇದ್ದೂ ರಿಪೇರಿ ಮಾಡಿಕೊಡದೆ ಅಲೆದಾಡಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿಯೂ ಬಗೆಹರಿಯದಿದ್ದರೆ ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲು ಇದೆ. ಎರಡಕ್ಕೂ ಕೈಯಲ್ಲಿ ಬಿಲ್ ಇರಬೇಕು.

ಮೆಕ್ಯಾನಿಕ್ ಹೋಗುವ ಮೊದಲು ಅವರ ಎದುರಿಗೇ ಡ್ರೈಯರ್ ಹಚ್ಚಿಸಿ, ಮುಚ್ಚಳ ತೆಗೆಸಿ, 15ರವರೆಗೆ ಎಣಿಸಿ. ಬುಟ್ಟಿ ನಿಂತರೆ ದುಡ್ಡು ಕೊಡಿ. ನಿಲ್ಲದಿದ್ದರೆ “ಸ್ವಿಚ್ ಹೊಸಾದು ಹಾಕಿ ಕೊಡ್ರಿ, ಮನ್ಯಾಗ ಹುಡುಗರದಾವು” ಅಂತ ಹೇಳಿ.